ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ಎರಡು ತಿಂಗಳು: ಬ್ರಿಡ್ಜ್ ಕೋರ್ಸಾ, ಅಜ್ಜಿ ಮನೆಯಾ?

ಅರಸೀಕೆರೆ ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಒಂದರಿಂದ ಹತ್ತರವರೆಗೂ ನಮ್ಮೂರ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಮುಂದೆ ಪಿಯುಸಿಗೆ ಸೈನ್ಸ್ ತಗೊಳ್ತೀನಿ, ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಅಂತಾಳೆ. ಕಾಲೇಜು ಶುರುವಾಗೋದು ಜೂನ್‌ಗೆ. ಆದರೆ ಮೊನ್ನೆ ಪೇಟೆಯ ಒಂದು ಖಾಸಗಿ ಕಾಲೇಜಿನವರು ಮನೆಗೇ ಬಂದಿದ್ದರು. ಸೋಮವಾರದಿಂದಲೇ ಬ್ರಿಡ್ಜ್ ಕೋರ್ಸ್ (ಪಿಯುಸಿ ಶುರುವಾಗುವ ಮುಂಚಿನ ತಯಾರಿ ಕ್ಲಾಸು), ಬೆಳಿಗ್ಗೆ 8ರಿಂದ ಸಂಜೆ 5, ಹಾಸ್ಟೆಲಿನಲ್ಲೇ ಇರಬೇಕು, ಫೀಸು 18 ಸಾವಿರ ಅಂದರು. ಈಗ ಸೇರಿಸದಿದ್ದರೆ ಮಗು ಹಿಂದೆ ಬೀಳುತ್ತೆ ಅಂತ ಹೇಳಿ ಹೋದರು. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಮಗಳು ಮಾತ್ರ ತಿಪಟೂರು ಕಡೆ ಅಜ್ಜಿ ಊರಿಗೆ ಹೋಗಲು ಬ್ಯಾಗ್ ತುಂಬಿಟ್ಟಿದ್ದಾಳೆ. ನಾನು ಓದಿದ್ದು ಹತ್ತನೇ ಕ್ಲಾಸು. ಇದರಲ್ಲಿ ನನಗೆ ಏನೂ ಗೊತ್ತಾಗಲ್ಲ. ಏನು ಮಾಡಲಿ?

ರಾಯಚೂರು ಹುಡುಗ:
ಅಣ್ಣಾ, ಸೇರಿಸಿಬಿಡಿ. ನಾನೂ ಕನ್ನಡ ಮಾಧ್ಯಮದವನೇ. ಹತ್ತರಲ್ಲಿ ಶಾಲೆಗೇ ಮೊದಲು ಬಂದಿದ್ದೆ. ರಜೆ ಪೂರ್ತಿ ಕ್ರಿಕೆಟ್ ಆಡಿ, ಜೂನ್‌ನಲ್ಲಿ ಕಾಲೇಜಿಗೆ ಹೋಗಿ ಕೂತೆ. ಫಿಸಿಕ್ಸ್ ಸರ್ 'ಆಕ್ಸಿಲರೇಶನ್', 'ಆಕ್ಸಿಲರೇಶನ್' ಅಂತ ಹೇಳ್ತಾ ಹೋಗ್ತಿದ್ದರು. ಅದು ನಾನು ಒಂಬತ್ತನೇ ಕ್ಲಾಸಿನಲ್ಲಿ ಅರೆದು ಕುಡಿದಿದ್ದ ವೇಗೋತ್ಕರ್ಷವೇ ಅಂತ ಗೊತ್ತಾಗಲು ಎರಡು ವಾರ ಬೇಕಾಯಿತು. ಕೇಳೋಣ ಅಂದರೆ ನಾಚಿಕೆ. ಪಕ್ಕದವರೆಲ್ಲ ತಲೆ ಆಡಿಸ್ತಿದ್ದರು, ನಾನೂ ಆಡಿಸಿದೆ. ಬೋರ್ಡ್ ಮೇಲಿದ್ದದ್ದನ್ನು ಸುಮ್ನೆ ಬರೆದುಕೊಂಡೆ. ಮೊದಲ ಟೆಸ್ಟಿನಲ್ಲಿ 50ಕ್ಕೆ 9 ಬಂತು. ಆ ಹಾಳೆಯನ್ನು ಅಪ್ಪನಿಗೆ ತೋರಿಸಲಿಲ್ಲ. ನಿಮ್ಮ ಮಗಳಿಗೆ ಆ ದಿನ ಬರೋದು ಬೇಡ.

ಶಿರಸಿ ಅಕ್ಕ:
ಪಾಪ, ಹತ್ತು ವರ್ಷ ಓದಿ ಈಗಷ್ಟೇ ಪರೀಕ್ಷೆ ಮುಗಿಸಿದ ಮಗು. ಹೋಗಲಿ ಬಿಡಿ ಅಜ್ಜಿ ಮನೆಗೆ. ಪಿಯುಸಿ ಎರಡು ವರ್ಷ, ಆಮೇಲೆ ಡಿಗ್ರಿ, ಆಮೇಲೆ ಕೆಲಸ. ಮತ್ತೆ ಯಾವಾಗ ಸಿಗುತ್ತೆ ಇಂಥ ರಜೆ? ನನ್ನ ಆ ಬೇಸಿಗೆ ಪೂರ್ತಿ ಹಲಸಿನಕಾಯಿ ಹಪ್ಪಳದಲ್ಲೇ ಕಳೆಯಿತು. ಬೆಳಿಗ್ಗೆ ತೊಳೆ ಬಿಡಿಸಿ ಬೇಯಿಸೋದು, ಬಿಸಿ ಇರುವಾಗಲೇ ಕುಟ್ಟೋದು, ಉಂಡೆ ಮಾಡಿ ಒತ್ತಿ ಚಾಪೆ ಮೇಲೆ ಒಣಗಿಸೋದು. ನೂರರ ಕಟ್ಟು ಕಟ್ಟಿ ಅಂಗಡಿಗೆ ಕೊಟ್ಟು, ದರ ಮಾತಾಡಿ, ದುಡ್ಡು ಎಣಿಸಿಕೊಂಡು ಬರೋ ಕೆಲಸ ಅಮ್ಮ ನನಗೇ ಬಿಟ್ಟಿದ್ದರು. ಮೊದಲ ದಿನ ಅಂಗಡಿಯವರ ಮುಂದೆ ಬಾಯೇ ಬರಲಿಲ್ಲ. ಮೇ ಮುಗಿಯುವಷ್ಟರಲ್ಲಿ ಚೌಕಾಸಿ ಮಾಡ್ತಿದ್ದೆ. ಕಾಲೇಜಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ ನನಗೆ ಬಂದದ್ದು ಅಲ್ಲಿಂದ.

ಸೀಮೆಸುಣ್ಣ:
ನಾನು ಸರ್ಕಾರಿ ಪಿಯು ಕಾಲೇಜಿನಲ್ಲಿ 14 ವರ್ಷದಿಂದ ಫಿಸಿಕ್ಸ್ ಪಾಠ ಮಾಡ್ತಿದ್ದೇನೆ. ರಾಯಚೂರು ಹುಡುಗ ಬರೆದದ್ದು ಪ್ರತಿ ಜೂನ್‌ನಲ್ಲೂ ನನ್ನ ಕ್ಲಾಸಿನಲ್ಲಿ ನಡೆಯುತ್ತೆ. ಆದರೆ ಅವರೇ ಹೇಳಿದ್ದನ್ನು ಇನ್ನೊಮ್ಮೆ ನೋಡಿ. ಅವರಿಗೆ ವೇಗೋತ್ಕರ್ಷ ಬರ್ತಿತ್ತು, ಬರದೇ ಇದ್ದದ್ದು ಆ ಇಂಗ್ಲಿಷ್ ಪದ. ನಾನು ನೋಡಿದ ಬ್ರಿಡ್ಜ್ ಕೋರ್ಸುಗಳಲ್ಲಿ ಜಾಸ್ತಿಯವು ಈ ಪದಗಳ ಕಡೆ ತಿರುಗಿಯೂ ನೋಡಲ್ಲ. ಫಸ್ಟ್ ಪಿಯುಸಿ ಪಾಠವನ್ನೇ ಏಪ್ರಿಲ್‌ನಲ್ಲಿ, ಇಂಗ್ಲಿಷ್‌ನಲ್ಲಿ ಓಡಿಸ್ತಾರೆ. ಜೂನ್‌ನಲ್ಲಿ ಕಂಗಾಲಾಗುವ ಮಗು ಏಪ್ರಿಲ್‌ನಲ್ಲೇ ಕಂಗಾಲಾಗುತ್ತೆ, ಅಷ್ಟೇ.

ಅಪ್ಪ ಅವರೇ, ಒಂದು ಕೆಲಸ ಮಾಡಿ. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ಮಗಳ ಹತ್ತಿರ ಇದ್ದೇ ಇದೆ. ಅದರದ್ದೇ ಇಂಗ್ಲಿಷ್ ಪ್ರತಿಯನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟ್‌ನಿಂದ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಎರಡೂ ಎನ್‌ಸಿಇಆರ್‌ಟಿ ಪಾಠಗಳೇ. ಅದೇ ಕ್ರಮ, ಅದೇ ಚಿತ್ರ. ಅಕ್ಕಪಕ್ಕ ಇಟ್ಟುಕೊಂಡು ಓದಲಿ. ಬೆಳಕಿನ ಪಾಠ ತೆಗೆದರೆ ಪ್ರತಿಫಲನ ಅಂದರೆ ರಿಫ್ಲೆಕ್ಷನ್, ವಕ್ರೀಭವನ ಅಂದರೆ ರಿಫ್ರಾಕ್ಷನ್, ಪೀನ ಮಸೂರ ಅಂದರೆ ಕಾನ್ವೆಕ್ಸ್ ಲೆನ್ಸ್. ಪಾಠ ಆಗಲೇ ಬರುತ್ತೆ, ಹಾಗಾಗಿ ಪದ ತಾನಾಗಿ ಅಂಟಿಕೊಳ್ಳುತ್ತೆ. ಗಣಿತದಲ್ಲೂ ಹಾಗೆಯೇ. ವರ್ಗ ಸಮೀಕರಣ ಬಿಡಿಸುವ ಹುಡುಗಿಗೆ ಕ್ವಾಡ್ರಾಟಿಕ್ ಈಕ್ವೇಶನ್ ಅನ್ನೋದು ಹೊಸ ಹೆಸರು ಮಾತ್ರ. ದಿನಕ್ಕೆ ಒಂದೂವರೆ ಗಂಟೆ ಸಾಕು. ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆಯಲಿ. ಇಂಗ್ಲಿಷ್ ವಾಕ್ಯವನ್ನು ಜೋರಾಗಿ ಓದಲಿ. ಇದು ಮುಖ್ಯ. ಕಣ್ಣಿಗೆ ಗೊತ್ತಿರುವ ಪದ ಕಿವಿಗೆ ಬಿದ್ದಾಗ ಗೊತ್ತಾಗದೇ ಹೋಗುತ್ತೆ.

ಸೆಕೆಂಡ್ ಪಿಯು:
ಅಂಕಲ್, ನಾನು ಬ್ರಿಡ್ಜ್ ಕೋರ್ಸಿಗೆ ಹೋದವಳು. ಎಸ್ಸೆಸ್ಸೆಲ್ಸಿ ಮುಗಿದ ನಾಲ್ಕನೇ ದಿನಕ್ಕೆ ಹಾಸ್ಟೆಲ್. ಸೆಕೆಯಲ್ಲಿ ಒಂದು ರೂಮಿಗೆ ಆರು ಜನ. ಜೂನ್ ಬರುವಷ್ಟರಲ್ಲಿ ಮೂರು ಪಾಠ ಮುಗಿದಿತ್ತು ನಿಜ. ಆದರೆ ಹೊಸ ಹುಡುಗರು ಬಂದ ಮೇಲೆ ಅದೇ ಮೂರು ಪಾಠ ಮೊದಲಿಂದ ಮಾಡಿದರು! ಆಗಸ್ಟ್ ಹೊತ್ತಿಗೆ ನನಗೆ ಪುಸ್ತಕ ಕಂಡರೆ ಆಗ್ತಿರಲಿಲ್ಲ. ಓದೋಕೆ ಇಷ್ಟ ಇದ್ದವಳೇ ನಾನು. ದಯವಿಟ್ಟು ಅವಳನ್ನು ಒಂದು ಮಾತು ಕೇಳಿ.

ದಾವಣಗೆರೆ ತಂದೆ:
ಎಲ್ಲರೂ ಎಂಜಿನಿಯರಿಂಗ್ ಸೀಟಿನ ಪ್ರವೇಶ ಪರೀಕ್ಷೆ ಸಿಇಟಿ ಮರೆತು ಮಾತಾಡ್ತಿದ್ದೀರಿ. ಸಿಇಟಿಗೆ ಫಸ್ಟ್ ಪಿಯುಸಿ ಪಾಠವೂ ಬರುತ್ತೆ, ಮೆಡಿಕಲ್ ಸೀಟಿನ ನೀಟ್‌ಗೂ ಅಷ್ಟೇ. ಪೈಪೋಟಿ ಇರೋದು ಏಪ್ರಿಲ್‌ನಿಂದಲೇ ಓದುವ ಮಕ್ಕಳ ಜೊತೆ. ಎರಡು ತಿಂಗಳು ಅಂದರೆ ಕಡಿಮೆಯಾ?

ಸೀಮೆಸುಣ್ಣ:
ಸರ್, ಪಾಠ ಬರುತ್ತೆ, ಒಪ್ಪಿದೆ. ಆದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಲೆಕ್ಕ ಸಿಇಟಿ ಅಂಕದ್ದು, ಇನ್ನರ್ಧ ಸೆಕೆಂಡ್ ಪಿಯುಸಿ ಬೋರ್ಡ್ ಅಂಕದ್ದು. ಎರಡಕ್ಕೂ ಇನ್ನೂ ಎರಡು ವರ್ಷ ಇದೆ. ಆ ಎರಡು ವರ್ಷ ದಣಿಯದೆ ಓದುವ ಮಗು ಬೇಕು ನಮಗೆ. ಸೆಕೆಂಡ್ ಪಿಯು ಹುಡುಗಿ ಬರೆದದ್ದನ್ನು ನಾನು ಕ್ಲಾಸಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಮೈಸೂರು ಅಮ್ಮ:
ಅಜ್ಜಿ ಮನೆ ಅಂದ ತಕ್ಷಣ ಎಲ್ಲ ಸರಿಹೋಗಲ್ಲ. ಹೋದ ವರ್ಷ ನನ್ನ ಮಗನನ್ನು ಕಳಿಸಿದ್ದೆ. ಅಲ್ಲಿ ಕೇಳೋರಿಲ್ಲ, ರಾತ್ರಿ ಎರಡರವರೆಗೆ ಮೊಬೈಲು, ಮಧ್ಯಾಹ್ನ ಏಳೋದು. ಜೂನ್‌ನಲ್ಲಿ ಬೆಳಿಗ್ಗೆ ಎಬ್ಬಿಸಲು ಪಟ್ಟ ಪಾಡು ನನಗೇ ಗೊತ್ತು. ಓದಿಗೊಂದು ಹೊತ್ತು ಗೊತ್ತು ಮಾಡಿ ಕಳಿಸಿ. ರಾತ್ರಿ ಮೊಬೈಲು ಅಜ್ಜಿ ಕೈಯಲ್ಲಿ ಇರಲಿ.

ರಾಯಚೂರು ಹುಡುಗ:
ಸೀಮೆಸುಣ್ಣ ಸರ್ ಹೇಳಿದ ಎರಡು ಪುಸ್ತಕದ ವಿಷಯ ನನಗೆ ಆಗ ಯಾರೂ ಹೇಳಲಿಲ್ಲ. ಹೇಳಿದ್ದರೆ ಅಂತ ಈಗ ಅನಿಸುತ್ತೆ. ಆದರೂ ಒಂದು ಮಾತು. ನಮ್ಮದು ಒಂದೇ ಕೋಣೆಯ ಮನೆ. ಏಪ್ರಿಲ್ ಬಿಸಿಲಿಗೆ ತಗಡಿನ ಕೆಳಗೆ ಕೂತು ಓದೋಕೆ ಆಗ್ತಿರಲಿಲ್ಲ. ನನ್ನ ತಮ್ಮನನ್ನು ನಾನೇ ದುಡ್ಡು ಕಟ್ಟಿ ಬ್ರಿಡ್ಜ್ ಕೋರ್ಸಿಗೆ ಹಾಕಿದೆ. ಅವನಿಗೊಂದು ಮೇಜು, ಒಂದು ಫ್ಯಾನ್, ಕೇಳಿದರೆ ಉತ್ತರ ಹೇಳುವ ಒಬ್ಬರು ಸಿಕ್ಕರು. ಅವನಿಗೆ ಅದರಿಂದ ಅನುಕೂಲವೇ ಆಯಿತು. ಮನೆಯಲ್ಲಿ ಜಾಗ ಇರುವವರಿಗೆ ಈ ಕಷ್ಟ ಕಾಣಲ್ಲ.

ಸೀಮೆಸುಣ್ಣ:
ನೀವು ಹೇಳಿದ್ದು ಸರಿ. ಇದನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಅಂಥ ಮನೆಯ ಮಗುವಿಗೆ ಸೇರಿಸೋದೇ ಒಳ್ಳೆಯದು. ಆದರೆ ಅಪ್ಪ ಅವರೇ, ದುಡ್ಡು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಬೇರೆ ಕ್ಲಾಸ್ ಇದೆಯಾ? ಜೂನ್‌ನಲ್ಲಿ ಇದೇ ಪಾಠ ಮತ್ತೆ ಮಾಡ್ತೀರಾ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಇನ್ನೊಂದು ವಿಷಯ, ಯಾರೂ ಹೇಳಲಿಲ್ಲ. ಈ ರಜೆಯಲ್ಲೇ ಕಾಗದಪತ್ರ ಮಾಡಿಸಿಟ್ಟುಕೊಳ್ಳಿ. ಮಗಳು ಹತ್ತು ವರ್ಷ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಾಳೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಇದೆ. ಎರಡಕ್ಕೂ 1ರಿಂದ 10ರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೊಂದಿಗೆ. ಎರಡು ವರ್ಷ ಬಿಟ್ಟು ಹೋದರೆ ಹೆಡ್ ಮಾಸ್ಟರ್ ವರ್ಗ ಆಗಿರ್ತಾರೆ, ದಾಖಲೆ ಹುಡುಕಲು ಅಲೆದಾಟ. ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಆಧಾರ್‌ನಲ್ಲಿ ಮತ್ತು ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು, ಇನಿಷಿಯಲ್ ಒಂದೇ ತರ ಇದೆಯಾ ನೋಡಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅರ್ಜಿ ಅವಳೇ ತುಂಬಲಿ.

ಶಿರಸಿ ಅಕ್ಕ:
ಕೊನೆಯ ಮಾತಿಗೆ ನನ್ನ ನಮಸ್ಕಾರ, ಸರ್.

ಅರಸೀಕೆರೆ ಅಪ್ಪ:
ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಇಂಗ್ಲಿಷ್ ಪುಸ್ತಕ ಇಳಿಸಿಕೊಂಡೆವು. ಅವಳು ಬೆಳಕಿನ ಪಾಠ ತೆಗೆದಳು. ಮೊದಲ ಪುಟದಲ್ಲಿ ತಡವರಿಸಿದಳು. ಚಿತ್ರ ಬಂದ ತಕ್ಷಣ "ಅಪ್ಪಾ, ಇದು ಸಂಗಮ ದೂರ, ಇದಕ್ಕೆ ಫೋಕಲ್ ಲೆಂತ್ ಅಂತಾರೆ" ಅಂತ ನನಗೇ ಪಾಠ ಮಾಡಿದಳು. ಹನ್ನೊಂದು ಗಂಟೆಗೆ ನಾನೇ ಸಾಕು ಮಲಗು ಅಂದೆ.

ಇವತ್ತು ಬೆಳಿಗ್ಗೆ ಅವಳನ್ನೇ ಕೇಳಿದೆ. ಅಜ್ಜಿ ಮನೆಗೆ ಹೋಗ್ತೀನಿ, ಎರಡೂ ಪುಸ್ತಕ ತಗೊಂಡು ಹೋಗ್ತೀನಿ ಅಂದಳು. ಅಲ್ಲಿ ಅಟ್ಟದ ಮೇಲೆ ಹೋದ ವರ್ಷದ ತೆಂಗಿನಕಾಯಿ ಇವೆ. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಟಗಟ ಅನ್ನಬೇಕು, ಅಂದರೆ ಚಿಪ್ಪು ಬಿಟ್ಟಿದೆ, ಸುಲಿಯಬಹುದು ಅಂತ ಅರ್ಥ. ಅತ್ತೆಗೆ ಈಗ ಕಿವಿ ಮಂದ, ಆ ಸದ್ದು ಕೇಳಲ್ಲ. ಮೊಮ್ಮಗಳು ಒಂದೊಂದೇ ಅಲ್ಲಾಡಿಸಿ ಆರಿಸಿಕೊಡಬೇಕಂತೆ. ತಿಪಟೂರು ಮಾರುಕಟ್ಟೆಯಲ್ಲಿ ತೂಕ, ದರದ ಲೆಕ್ಕವೂ ಅವಳದ್ದೇ ಅಂತ ಅತ್ತೆ ಫೋನಿನಲ್ಲಿ ಹೇಳಿದರು.

ಮೊದಲು ನಾಳೆ ಶಾಲೆಗೆ ಹೋಗಿ ಹೆಡ್ ಮಾಸ್ಟರನ್ನು ನೋಡ್ತೀವಿ. ಸೀಮೆಸುಣ್ಣ ಸರ್, ಒಂದು ಕೇಳೋದಿತ್ತು. ಆಧಾರ್‌ನಲ್ಲಿ ಅವಳ ಹೆಸರಿನ ಮುಂದೆ ಇನಿಷಿಯಲ್ ಇಲ್ಲ, ಶಾಲೆಯಲ್ಲಿ ಇದೆ. ಯಾವುದನ್ನು ತಿದ್ದಿಸಬೇಕು?

ಸೀಮೆಸುಣ್ಣ:
ಆಧಾರ್ ತಿದ್ದಿಸಿ. ಶಾಲೆಯ ದಾಖಲೆಯಲ್ಲಿ ಇರುವ ಹಾಗೇ ಇರಲಿ.