ಅಪ್‌ಡೇಟ್: ಮಡಿಕೇರಿ ಬಿಟ್ಟು ಕುಶಾಲನಗರಕ್ಕೆ ಬಂದೆವು

ಮಡಿಕೇರಿಯ ಬಾಡಿಗೆ ಮನೆ ಬಿಟ್ಟು ಕುಶಾಲನಗರಕ್ಕೆ ಹೋಗಬಹುದೇ ಎಂದು ಮಾರ್ಚ್‌ನಲ್ಲಿ ಕೇಳಿದ್ದೆ. ಹೋಗುವುದಾದರೆ ಮಳೆ ಹಿಡಿಯುವ ಮೊದಲೇ ಸಾಮಾನು ಸಾಗಿಸಿ ಎಂದು ಹೆಚ್ಚಿನವರು ಹೇಳಿದ್ದಿರಿ. ಮೇ ಕೊನೆಯಲ್ಲಿ ಹಾಗೆಯೇ ಮಾಡಿದೆವು.

ನಮ್ಮನ್ನು ಹೊರಡಿಸಿದ್ದು ಮಳೆಯಲ್ಲ, ಬೇಸಿಗೆ. ರಜೆ ಶುರುವಾದದ್ದೇ ತಡ, ರಾಜಾಸೀಟ್ ಕಡೆಯ ರಸ್ತೆಯಲ್ಲಿ ಪ್ರವಾಸಿಗರ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ತರಕಾರಿ ಚೀಲ ಹಿಡಿದ ನಾವು ಅವುಗಳ ನಡುವೆ ಅಡ್ಡಡ್ಡವಾಗಿ ನುಸುಳಬೇಕಾಗುತ್ತಿತ್ತು. ನಮ್ಮ ಓಣಿಯ ಮನೆಗಳು ಒಂದೊಂದಾಗಿ ಹೋಂಸ್ಟೇ ಆಗುತ್ತಾ ಬಂದಂತೆ ಬಾಡಿಗೆಯೂ ಏರಿತು. ಪಕ್ಕದ ಮನೆಯವರ ಮುಖಪರಿಚಯವಾಗುವಷ್ಟರಲ್ಲಿ ಅವರು ಚೆಕ್‌ಔಟ್ ಮಾಡಿರುತ್ತಿದ್ದರು. (ಹೋಂಸ್ಟೇ ನಡೆಸುವವರನ್ನು ದೂರುತ್ತಿಲ್ಲ, ಕಾಫಿ ಕೈಕೊಟ್ಟ ವರ್ಷ ಹಲವರ ಮನೆ ನಡೆಸಿದ್ದು ಅದೇ.)

ಎರಡೂ ಊರುಗಳ ನಡುವೆ ಸುಮಾರು 30 ಕಿಲೋಮೀಟರ್ ಅಂತರವಷ್ಟೇ ಇದ್ದರೂ ಹವೆ ಪೂರ್ತಿ ಬೇರೆ. ಸಾವಿರ ಮೀಟರಿಗೂ ಎತ್ತರದ ಮಡಿಕೇರಿಯಲ್ಲಿ ಫ್ಯಾನಿನ ನೆನಪೇ ಇಲ್ಲದಿದ್ದ ನಮಗೆ ಇಲ್ಲಿನ ಮಧ್ಯಾಹ್ನದ ಸೆಕೆ ಮೊದಲಿಗೆ ಕಷ್ಟವಾಯಿತು. ಆದರೆ ಈ ಜುಲೈನಲ್ಲಿ ಬಟ್ಟೆ ಒಣಗುತ್ತಿವೆ, ಬೀರುವಿನೊಳಗಿನ ಬೆಲ್ಟು, ಚಪ್ಪಲಿಗಳಿಗೆ ಬೂಷ್ಟು ಹಿಡಿದಿಲ್ಲ.

2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಇಲ್ಲಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಒಬ್ಬರು ನೆನಪಿಸಿದ್ದರು. ಎಲ್ಲ ಸಲಹೆಗಳಲ್ಲಿ ಅದೇ ಹೆಚ್ಚು ಉಪಯೋಗಕ್ಕೆ ಬಂತು. ಹೊಳೆ ಕಾಣುವ ಚೆಂದದ ಮನೆಯೊಂದನ್ನು ಬಿಟ್ಟು, ಎತ್ತರದ ಜಾಗದಲ್ಲಿ ಸಾಧಾರಣ ಮನೆ ಹಿಡಿದೆವು. ಯಜಮಾನರ ಕೆಲಸ ಇನ್ನೂ ಮಡಿಕೇರಿಯಲ್ಲೇ ಇರುವುದರಿಂದ, ಸುಂಟಿಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ದಿನವೂ ಓಡಾಡುತ್ತಾರೆ.