ಅಪ್‌ಡೇಟ್: ಆ 1816 ಮಾಡೆಲ್ ಮಸ್ಕೆಟ್ ಏನಾಯ್ತು

ನಾನು ಕೊಳ್ಳಬೇಕೆಂದಿದ್ದ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1816 ಮಾಡೆಲ್ ಮಸ್ಕೆಟ್‌ನ (ಹಳೆಯ ಸೈನಿಕ ಬಂದೂಕು) ಚಕಮಕಿ ಲಾಕ್, ಅಂದರೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಭಾಗ, ಅಸಲಿಯೇ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ನೀವು ಹೇಳಿದಂತೆ ಮಾರುವವರ ಎದುರೇ ಲಾಕ್ ಬಿಚ್ಚಿಸಿದೆ. ಲಾಕ್ ಪ್ಲೇಟ್ ಹಳೆಯದೇ. ಹದ್ದಿನ ಮುದ್ರೆ ಸವೆದಿದೆ, ಆದರೂ ಓದಬಹುದು. ಹಿತ್ತಾಳೆಯ ಪ್ಯಾನ್ (ಕಿಡಿ ಬೀಳುವ ಮದ್ದಿನ ಪುಟ್ಟ ಬಟ್ಟಲು) ಮಾತ್ರ ತೀರಾ ಹೊಸದು. ಟಾರ್ಚ್ ಹಿಡಿದಾಗ ನಳಿಕೆಯ ಹಿಂಭಾಗದ ಮೇಲೆ, ಮುಚ್ಚಿದ ತೂತಿನ ದುಂಡು ಗುರುತು ಕಂಡಿತು. ಕ್ಯಾಪ್ (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಕೂರಿಸುವ ಮೊಳೆಗಾಗಿ ಕೊರೆದ ತೂತು ಅದು. ಅಂದರೆ 19ನೇ ಶತಮಾನದ ಮಧ್ಯದಲ್ಲಿ ಸಾವಿರಾರು ಬಂದೂಕುಗಳಂತೆ ಇದನ್ನೂ ಚಕಮಕಿಯಿಂದ ಕ್ಯಾಪ್‌ಗೆ ಬದಲಾಯಿಸಿದ್ದರು. ಆಮೇಲೆ ಯಾರೋ ಜಾಸ್ತಿ ಬೆಲೆಗಾಗಿ ಮತ್ತೆ ಚಕಮಕಿ ಮಾಡಿದ್ದಾರೆ. ನನಗಂತೂ ಕ್ಯಾಪ್ ಇದ್ದ ಹಾಗೇ ಬಿಟ್ಟಿದ್ದರೆ ಇನ್ನೂ ಇಷ್ಟವಾಗುತ್ತಿತ್ತು, ಅದೂ ಇತಿಹಾಸವೇ ಅಲ್ವಾ? ಅಸಲಿ ಬೆಲೆ ಕೊಡಲ್ಲ ಎಂದೆ. ಸ್ವಲ್ಪ ಚೌಕಾಸಿಯಾಯ್ತು. ಕಡಿಮೆ ದುಡ್ಡಿಗೆ ಕೊಂಡೆ, ‘ಮರು ಪರಿವರ್ತಿತ’ ಅಂತ ರಸೀದಿಯಲ್ಲೇ ಬರೆಸಿಕೊಂಡೆ.