ಬಾಗಿದ ಬ್ರೇಯರ್ ಕುದುರೆ ಕಾಲನ್ನು ಮನೆಯಲ್ಲೇ ನೇರ ಮಾಡಿದವರಿದ್ದೀರಾ?

ಚಾಮುಂಡಿಪುರಂ ನಿವಾಸಿ: ಅಣ್ಣ ಅಮೆರಿಕದಿಂದ ತಂದಿದ್ದ ನಾಲ್ಕು ಬ್ರೇಯರ್ ಕುದುರೆಗಳು (ಬ್ರೇಯರ್ ಅನ್ನೋ ಅಲ್ಲಿನ ಕಂಪನಿಯ ಪ್ಲಾಸ್ಟಿಕ್ ಬೊಂಬೆ ಕುದುರೆ) ನಮ್ಮ ಹೆಂಚಿನ ಮನೆ ಅಟ್ಟದಲ್ಲಿದ್ದವು. ಬೇಸಿಗೆ ಕಳೆದ ಮೇಲೆ ಒಂದನ್ನು ಇಳಿಸಿ ನೋಡಿದ್ರೆ ಎಡ ಮುಂಗಾಲು ಒಳಕ್ಕೆ ಬಾಗಿದೆ, ನಿಲ್ಲಿಸಿದ್ರೆ ಮುಗ್ಗರಿಸುತ್ತೆ. ನವರಾತ್ರಿಗೆ ಬೊಂಬೆ ಕೂರಿಸುವಾಗ ಜಂಬೂಸವಾರಿ ಸಾಲಿನಲ್ಲಿ ಇಡಬೇಕು. ಬಣ್ಣ ಕೆಡಬಾರದು. ಮಾಡಿ ನೋಡಿದವರು ಹೇಳಿ.

ಬೊಂಬೆಮನೆ ಸೊಸೆ, ಅಗ್ರಹಾರ: ಬಿಸಿನೀರು ಸಾಕು, ಬೇರೇನೂ ಬೇಡ. ನನ್ನ ಬಿಳಿ ಕುದುರೆಯ ಹಿಂಗಾಲೆರಡೂ ಒಂದಕ್ಕೊಂದು ತಗುಲ್ಕೊಂಡಿದ್ದವು. ಕುದಿ ನಿಂತ ನೀರನ್ನ ಉದ್ದನೆ ಸ್ಟೀಲ್ ಲೋಟಕ್ಕೆ ಬಗ್ಗಿಸಿ ಕಾಲು ಮಾತ್ರ ಅದ್ದಿದೆ. ಹೊಟ್ಟೆ ಮುಳುಗಿಸಲೇಬಾರದು, ಒಳಗೆ ಟೊಳ್ಳು, ಕಾವಿಗೆ ಗಾಳಿ ಹಿಗ್ಗಿ ಅಂಟಿಸಿರೋ ಗೆರೆ ಬಿಟ್ಕೊಳ್ಳುತ್ತೆ. ಮೆತ್ತಗಾದ ತಕ್ಷಣ ಬಟ್ಟೆ ಸುತ್ತಿ ಹಿಡಿದು, ಬೇಕಾದ್ದಕ್ಕಿಂತ ಒಂದೆಳೆ ಜಾಸ್ತಿ ಹೊರಕ್ಕೆ ಬಗ್ಗಿಸಿ, ಫ್ರಿಜ್ ನೀರಿಗೆ ಹಾಕಿ ಗಟ್ಟಿಯಾಗೋವರೆಗೂ ಕೈ ಬಿಡಲಿಲ್ಲ. ಚೆನ್ನಾಗಿ ನಿಂತಿತು. ಆದ್ರೆ ವಿಜಯದಶಮಿ ಹೊತ್ತಿಗೆ ಮತ್ತೆ ವಾಲಿತ್ತು! ಮೇಲೆ ಹಾಕಿದ್ದ ಹಳೇ ಬಲ್ಬಿನ ಕಾವು. 640 ರೂಪಾಯಿಗೆ ಎಲ್‌ಇಡಿ ಪಟ್ಟಿ ಹಾಕಿಸಿ, ಕಾಲನ್ನ ಇನ್ನೊಮ್ಮೆ ತಿದ್ದಿದೆ. ಇವತ್ತಿನವರೆಗೂ ಅಲ್ಲಾಡಿಲ್ಲ.

ಮಂಡ್ಯದ್ ಹೈದ: ಎಲ್ಲದ್ಕೂ ಬಿಸ್ನೀರು ಆಗಕಿಲ್ಲ ಕಣಕ್ಕ. ನಂದು ತೊಡೆ ತಾವ್ಲೇ ಬಾಗಿತ್ತು, ಲೋಟದೊಳಕ್ಕೆ ಹೆಂಗೆ ಅದ್ದದು? ಮೊದ್ಲು ಮೈಸೂರಲ್ಲಿ ಒಬ್ರು ರಿಪೇರಿಯವ್ರಿಗೆ ಕೊಟ್ಟೆ. 1,200 ತಕಂಡ್ರು, ಬಸ್ ಚಾರ್ಜು ಬ್ಯಾರೆ. ಕಾಲ್ನ ಗರಗಸದಲ್ಲಿ ಕುಯ್ದು, ಎಂ-ಸೀಲ್ ಮೆತ್ತಿ, ಮ್ಯಾಲೆ ಇನಾಮಲ್ ಬಣ್ಣ ಬಳ್ದು ಕೊಟ್ರು. ಗೊರಸಿನ ಮ್ಯಾಗಿದ್ದ ಬಿಳಿ ಪಟ್ಟೆ ಪೂರಾ ಮುಚ್ಚೋಯ್ತು. ಕೇಳುದ್ರೆ "ನಿಂತದಲ್ಲ, ಇನ್ನೇನು ಬೇಕು?" ಅಂದ್ರು. ಈಗ್ಲೂ ಹೊಟ್ಟೆ ಉರೀತದೆ. ಇನ್ನೊಂದು ಕುದ್ರೆನ ಯಾರ್ಗೂ ಕೊಡ್ನಿಲ್ಲ. 950 ರೂಪಾಯ್ ಹೇರ್ ಡ್ರೈಯರ್ ತಕಂಡು, ದೂರ ಹಿಡ್ಕಂಡು ಅತ್ಲಾಗಿತ್ಲಾಗೆ ಆಡುಸ್ತಾ ಕಾಯ್ಸಿ ನಾನೇ ನೆಟ್ಗೆ ಮಾಡ್ದೆ. ಒಂದೇ ತಾವ್ ನಿಲ್ಸುದ್ರೆ ಹೊಟ್ಟೆ ಉಬ್ಕತದೆ, ಹುಷಾರು. ಈಗ ಆ ಇನಾಮಲ್ ಬಣ್ಣನ ನೈಲ್ ಪಾಲಿಷ್ ರಿಮೂವರ್‌ನಲ್ಲಿ ತೆಗೀಬೇಕು ಅಂತಿವ್ನಿ.

ಕೆಮಿಸ್ಟ್ರಿ ಮೇಷ್ಟ್ರು, ಸರಸ್ವತಿಪುರಂ: ತೆಗೀಬೇಡಪ್ಪಾ! ಬ್ರೇಯರ್‌ನ ಆ ದೊಡ್ಡ ಕುದುರೆಗಳು ಸೆಲ್ಯುಲೋಸ್ ಅಸಿಟೇಟ್ ಅನ್ನೋ ಪ್ಲಾಸ್ಟಿಕ್. ರಿಮೂವರ್‌ನಲ್ಲಿ ಅಸಿಟೋನ್ ಇದ್ರೆ ಬಣ್ಣದ ಜೊತೆ ಕುದುರೆಯೇ ಕರಗುತ್ತೆ. ಎಲ್ಲರಿಗೂ ಹೇಳ್ತೀನಿ, ಕಾಯಿಸೋಕೆ ಮೊದಲು ಮೂಸಿ ನೋಡಿ. ವಿನಿಗರ್ ವಾಸನೆ ಬಂದ್ರೆ ಅದು ಬರೀ ಬಾಗಿದ್ದಲ್ಲ, ಪ್ಲಾಸ್ಟಿಕ್ಕೇ ಒಡೀತಿದೆ. ಶಾಖ, ತೇವ ಸೇರಿ ಅಸಿಟಿಕ್ ಆಮ್ಲ ಹೊರಗೆ ಬರುತ್ತೆ, ಆ ಆಮ್ಲ ಇನ್ನಷ್ಟು ಬೇಗ ಕೆಡಿಸುತ್ತೆ. ಮೈ ಕುಗ್ಗಿ, ಅಂಟು ಜಿನುಗುತ್ತೆ. ಅದಕ್ಕೆ ಮದ್ದಿಲ್ಲ. ನಮ್ಮ ತಂಗಿ ಮನೆಯಲ್ಲಿ ಪ್ಲಾಸ್ಟಿಕ್ ಕವರಲ್ಲಿ ಬಿಗಿದಿಟ್ಟಿದ್ದ ಜೋಡಿ ಹೀಗೇ ಹೋಯ್ತು. ಕೊಂಡ ಬೆಲೆ 9,000 ದಾಟಿತ್ತು. ಅಂಥದ್ದನ್ನ ಉಳಿದವುಗಳಿಂದ ಬೇರೆ ಮಾಡಿ, ಗಾಳಿಯಾಡೋ ಕಡೆ ಇಡಬೇಕು.

ಮಂಡ್ಯದ್ ಹೈದ: ಇನ್ನೂ ಹಚ್ಚಿಲ್ಲ ಸಾ. ಆದ್ರೆ ಬಣ್ಣ ಹೆಂಗೆ ತೆಗಿಯದು ಅಂತ ಯಾರೂ ಹೇಳಕಿಲ್ಲವಲ್ಲ!

ಚನ್ನಪಟ್ಟಣದ ಅಳಿಯ: ಇಷ್ಟೆಲ್ಲ ಒದ್ದಾಟ ಯಾಕ್ರೀ? ಹಾಲೆ ಮರದ ಕುದುರೆ ತನ್ನಿ. ಅರಗಿನ ಬಣ್ಣ, ಬಲ್ಬಿನ ಕಾವಿಗೆಲ್ಲ ಕಾಲು ಬಾಗಲ್ಲ. ನಮ್ಮ ಮನೇಲಿ ಮಾವನವರು ಕೊಟ್ಟಿದ್ದು ಹಾಗೇ ಇದೆ. ಪಟ್ಟದ ಬೊಂಬೆ ಕೂರಿಸೋ ಕಡೆ ಅಮೆರಿಕದ ಪ್ಲಾಸ್ಟಿಕ್ ಇಡೋದು ನಂಗಂತೂ ಸರಿ ಕಾಣಲ್ಲ. ಮೇಲಾಗಿ ಆ ಕುದುರೆ ನಿಮ್ಮ ಅಂಬಾರಿ ಆನೆಗಿಂತ ಎತ್ತರ ಇರುತ್ತೆ.

ಬೊಂಬೆಮನೆ ಸೊಸೆ: ಪಟ್ಟದ ಬೊಂಬೆ ನಮ್ಮನೇಲೂ ಮೇಲಿನ ಹಂತದಲ್ಲೇ ಕೂತಿದೆ, ತಾವು ಕಲಿಸೋದು ಬೇಡ. ಕೆಳಗಿನ ಹಂತ ಮಕ್ಕಳದ್ದು, ನಮ್ಮತ್ತೆ ಕಾಲದಲ್ಲೂ ಅಲ್ಲಿ ಪ್ಲಾಸ್ಟಿಕ್ ಕಾರು, ಪೊಲೀಸ್ ಬೊಂಬೆ ಇರ್ತಿತ್ತು. ಎತ್ತರದ ಮಾತಿಗೆ ಬಂದ್ರೆ, ಅವು ನಿಜವಾದ ಕುದುರೆಯ ಒಂಬತ್ತನೇ ಒಂದು ಅಳತೆ. ಆ ಲೆಕ್ಕಕ್ಕೆ ಹೊಂದೋ ಹಾಗೆ 2,300 ಕೊಟ್ಟು ಕಾಗದದ ಮುದ್ದೆಯಲ್ಲಿ ಆನೆ ಮಾಡಿಸಿದೀನಿ. ಬಂದು ನೋಡಿ, ಆಮೇಲೆ ಮಾತಾಡಿ.

ಚನ್ನಪಟ್ಟಣದ ಅಳಿಯ: ಕಾಗದದ ಆನೆಗೆ 2,300! ಅಷ್ಟರಲ್ಲಿ ಮರದ ಒಂದು ಸೆಟ್ಟೇ ಬರ್ತಿತ್ತು.

ಬೊಂಬೆಮನೆ ಸೊಸೆ: ಮಾಡಿದವರ ಕೂಲಿ ಅದು. ಕೈಕೆಲಸದ ಪರ ಮಾತಾಡೋರು ಕೂಲಿಗೆ ಹೀಗಂತೀರಾ?

ಚಾಮುಂಡಿಪುರಂ ನಿವಾಸಿ: ದಯವಿಟ್ಟು ಜಗಳ ಬೇಡ. ಮೂಸಿ ನೋಡಿದೆ, ಹುಳಿ ವಾಸನೆ ಇಲ್ಲ. ಬಾಗಿರೋದು ಮೊಣಕಾಲಿಂದ ಕೆಳಗೆ. ಲೋಟದ ಬಿಸಿನೀರೇ ಸಾಕಲ್ವಾ?

ಮಂಡ್ಯದ್ ಹೈದ: ಡ್ರೈಯರೇ ವಾಸಿ. ನೀರು ಒಳಕ್ಕೋದ್ರೆ ತಿಂಗ್ಳಾದ್ರೂ ಆರಕಿಲ್ಲ.

ಬೊಂಬೆಮನೆ ಸೊಸೆ: ಕಾಲು ಮಾತ್ರ ಅದ್ದಿದ್ರೆ ಒಳಗೆ ಹೇಗಪ್ಪ ಹೋಗುತ್ತೆ?

ಕೆಮಿಸ್ಟ್ರಿ ಮೇಷ್ಟ್ರು: ಕೆಲವಕ್ಕೆ ಮೂಗಿನ ಹತ್ರ ಸಣ್ಣ ತೂತಿರುತ್ತೆ. ತಲೆ ಮೇಲೆ ಮಾಡಿ ಹಿಡಿದು ಕಾಲಷ್ಟೇ ಅದ್ದಿ, ಹೋಗಲ್ಲ. ಉಳಿದ ಮೂರು ಇನ್ನೂ ಅಟ್ಟದಲ್ಲೇ ಇದ್ರೆ ಇವತ್ತೇ ಇಳಿಸಿ. ಹೆಂಚಿನ ಕೆಳಗಿನ ಸೆಕೆ ನಿಮ್ಮ ಬಿಸಿನೀರಿಗಿಂತ ಕೆಟ್ಟದ್ದು.

ಮಂಡ್ಯದ್ ಹೈದ: ಸಾ, ನನ್ ಇನಾಮಲ್ ಬಣ್ಣದ್ದು?